ಎಲೆಯ ಮೇಲೆ ನಿಂತ ಕೈ

೧೯೫೩ನೆಯ ಇಸವಿ ಆಗಸ್ಟ್ ೧೭, ಸೋಮವಾರ, ಬೆಳಗಿನ ಒಂಬತ್ತು ಗಂಟೆ ನಲವತ್ತು ನಿಮಿಷಕ್ಕೆ ಕೃಷ್ಣಾಜಿಯ ಬಲಗೈ ಎಲೆಯ ಮೇಲೆ ನಿಂತಿತು. ರಾಧಾಬಾಯಿಗೆ ಹೊತ್ತು ಇಷ್ಟು ಖಚಿತವಾಗಿ ನೆನಪಿರಲು ಕಾರಣವಿತ್ತು. ಆ ಕೈ ನಿಂತಾಗ ಎಲ್ಲಿ ನೋಡಬೇಕೆಂದು ತಿಳಿಯದೆ ಅವಳು ಎದುರಿನ ಗೋಡೆ ಗಡಿಯಾರ ನೋಡಿದ್ದಳು. ಕೈ ಮತ್ತೆ ಎಲೆಗೆ ಇಳಿದಾಗ ಗಡಿಯಾರದಲ್ಲಿ ಒಂಬತ್ತು ನಲವತ್ತೇಳು.

ರಾಧಾಬಾಯಿ ಕೃಷ್ಣಾಜಿಯ ಅಕ್ಕ. ವಯಸ್ಸು ಐವತ್ತು. ಇಪ್ಪತ್ತೆರಡಕ್ಕೆ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆ ಉಟ್ಟು ಮುಧೋಳದ ತವರಿಗೆ ಬಂದವಳು. ಅದೇ ವರ್ಷ ತಾಯಿಯೂ ತೀರಿಕೊಂಡಿದ್ದರಿಂದ ಆರು ವರ್ಷದ ತಮ್ಮ ಅವಳ ಪಾಲಿಗೆ ಬಿದ್ದಿದ್ದ. ಆ ತಮ್ಮ ಈಗ ಜಮಖಂಡಿಯ ಮಾಮಲೇದಾರ ಕಚೇರಿಯಲ್ಲಿ ಅವ್ವಲ ಕಾರಕೂನ, ಗುಮಾಸ್ತರಲ್ಲೆಲ್ಲ ಹಿರಿಯ. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದಾಗ ಅನೇಕರ ನೌಕರಿ ಅಲ್ಲಾಡಿತು, ಕೃಷ್ಣಾಜಿಯದು ಅಲ್ಲಾಡಲಿಲ್ಲ. ತಂಬಾಕಿಲ್ಲ, ನಶ್ಯವಿಲ್ಲ, ದನಿ ಎತ್ತಿ ಮಾತಾಡಿದ್ದನ್ನು ಓಣಿಯವರು ಕೇಳಿಲ್ಲ. ಅಂಥ ತಮ್ಮನ ಹೆಂಡತಿ ಅಲಕಾ ಬಸುರಿ ಎಂದು ಕಾಗದ ಬಂದಾಗ ರಾಧಾಬಾಯಿ ಮುಧೋಳದಿಂದ ಮೋಟಾರು ಹತ್ತಿ ಬಂದು, ಆಷಾಢದಿಂದ ಇಲ್ಲಿಯೇ ಉಳಿದಿದ್ದಳು. ಹೋದ ವರ್ಷ ಅಲಕಾಳದು ನಾಲ್ಕು ತಿಂಗಳಿಗೇ ಇಳಿದುಹೋಗಿತ್ತು. ಈ ಸಲ ಹಾಗಾಗಬಾರದೆಂದು ಅಡಿಗೆ ಮನೆಯ ಭಾರವನ್ನೆಲ್ಲ ತಾನೇ ಹೊತ್ತಳು. ಬಡಿಸುವುದಷ್ಟೇ ಅಲಕಾಳ ಕೆಲಸ.

ಚಾತುರ್ಮಾಸದ ನಾಲ್ಕು ತಿಂಗಳು ಕೃಷ್ಣಾಜಿಯದು ಮೌನಭೋಜನ. ಮಡಿಯುಟ್ಟು, ಮುತ್ತಲ ಎಲೆಯ ಪತ್ರಾವಳಿಯ ಮುಂದೆ ಕೂತು, ಎಲೆಯ ಸುತ್ತ ನೀರು ತಿರುಗಿಸಿದನೆಂದರೆ ಏಳುವ ತನಕ ಒಂದು ಮಾತಿಲ್ಲ. ಬೇಕಾದರೆ ಒಂದು 'ಹೂಂ', ಸಾಕಾದರೆ ಎಲೆಗೆ ಅಡ್ಡ ಕೈ. ಉಳಿದ ಎಂಟು ತಿಂಗಳೂ ಅವನು ಹೆಚ್ಚು ಕಡಿಮೆ ಹಾಗೆಯೇ ಉಣ್ಣುತ್ತಿದ್ದ. ಈ ಕಾಲದ ಹುಡುಗರು ಬೀಡಿ ಸೇದುತ್ತ ಖಾನಾವಳಿಯಲ್ಲಿ ಉಣ್ಣುವಾಗ ಇವನೊಬ್ಬ ವ್ರತ ಹಿಡಿದಿದ್ದಾನೆ ಎಂದು ಮಠದ ಆಚಾರ್ಯರು ನಾಲ್ಕು ಜನರ ಮುಂದೆ ಹೇಳಿದ್ದರು. ಆ ಮಾತನ್ನು ಮುಧೋಳದಲ್ಲಿ ಎಷ್ಟು ಮನೆಗಳಿಗೆ ಮುಟ್ಟಿಸಿದೆ ಎಂಬ ಲೆಕ್ಕ ರಾಧಾಬಾಯಿಗೆ ಇರಲಿಲ್ಲ.

ಆ ಸೋಮವಾರ ಅಲಕಾ ಬೆಳಿಗ್ಗೆ ತಲೆ ತಿರುಗಿ ಬಚ್ಚಲಲ್ಲಿ ಕೂತುಬಿಟ್ಟಳು. ಒಳಕೋಣೆಯಲ್ಲಿ ಅವಳನ್ನು ಮಲಗಿಸಿ ರಾಧಾಬಾಯಿಯೇ ಬಡಿಸಲು ಬಂದಳು. ಶಾಕವ್ರತದ ತಿಂಗಳು. ಕಾಯಿಪಲ್ಲೆ, ಹುಣಸೆ, ಮೆಣಸಿನಕಾಯಿ ಯಾವುದೂ ಇಲ್ಲ. ಅನ್ನ, ಹೆಸರು ಬೇಳೆಯ ತವ್ವೆ, ಕಾಳುಮೆಣಸಿನ ಸಾರು. ನಾಲ್ಕು ತುತ್ತು ಸರಿಯಾಗಿಯೇ ಹೋದವು. ಐದನೆಯದಕ್ಕೆ ಕೈ ಎಲೆಯಿಂದ ಒಂದು ಗೇಣು ಮೇಲೆ ಬಂದು ಅಲ್ಲಿಯೇ ನಿಂತಿತು.

ಅವನು ಅವಳನ್ನು ನೋಡಲಿಲ್ಲ. ಅವಳ ಭುಜದ ಮೇಲಿಂದ ಗೋಡೆ ನೋಡುತ್ತ ಕೂತ. ಎಡಗೈಯ ಬೆರಳುಗಳು ಮೊಣಕಾಲ ಮೇಲೆ ಒಂದೊಂದಾಗಿ ಮಡಚಿಕೊಂಡವು. ರಾಧಾಬಾಯಿ ತುಪ್ಪ ತಂದಳು. ಬೆರಳು ಬಿಚ್ಚಲಿಲ್ಲ. ಉಪ್ಪು ತಂದಳು. ಮೂಗಿನಿಂದ ಉಸಿರು ಉದ್ದಕ್ಕೆ ಬಂತು. ನೀರು ತುಂಬಿದಳು, ಬಿಸಿ ಸಾರು ತಂದಳು, ಎಲೆಯ ಅಂಚಿನಲ್ಲಿ ಕೂದಲೇನಾದರೂ ಇದೆಯೋ ಎಂದು ಬಗ್ಗಿ ನೋಡಿದಳು. ಕೈ ಅಲ್ಲಿಯೇ ಇತ್ತು. ಒಲೆಗೂ ಎಲೆಗೂ ನಡುವೆ ಅವಳು ಆರು ಸಲ ಓಡಾಡಿದಳು. ಆರನೆಯ ಸಲ ಸಾರಿನ ಸೌಟು ಪಾತ್ರೆಯ ಅಂಚಿಗೆ ತಾಗಿ ಕಟಕಟ ಸಪ್ಪಳ ಮಾಡಿತು. ಸಪ್ಪಳ ಎಲ್ಲಿಂದ ಬರುತ್ತಿದೆ ಎಂದು ನೋಡಿದರೆ ತನ್ನ ಕೈಯೇ ನಡುಗುತ್ತಿತ್ತು.

ಆಮೇಲೆ ಕೃಷ್ಣಾಜಿ ಏನೂ ಆಗದವನಂತೆ ಉಂಡು ಎದ್ದ. ಕೋಟು ತೊಟ್ಟು, ಕರಿ ಟೊಪ್ಪಿಗೆ ಇಟ್ಟುಕೊಂಡು, ಅಕ್ಕಾ ಬರತೀನಿ ಎಂದು ಮೆಲ್ಲಗೆ ಹೇಳಿ ಕಚೇರಿಗೆ ಹೋದ. ಅಡಿಗೆಯಲ್ಲಿ ಏನು ತಪ್ಪಿತ್ತೆಂದು ರಾಧಾಬಾಯಿಗೆ ಗೊತ್ತಾಗಲಿಲ್ಲ. ಇಡೀ ಮಧ್ಯಾಹ್ನ ತವ್ವೆಯನ್ನೂ ಸಾರನ್ನೂ ಮನಸ್ಸಿನಲ್ಲಿ ರುಚಿ ನೋಡಿದಳು. ಸಂಜೆಯ ಹೊತ್ತಿಗೆ ಬೇರೊಂದು ಯೋಚನೆ ಬಂತು: ತಪ್ಪೇ ಇರಲಿಲ್ಲವೇನೋ. ಅವನಿಗೆ ಬೇಕಾದದ್ದು ತುಪ್ಪವೂ ಅಲ್ಲ, ಉಪ್ಪೂ ಅಲ್ಲ. ಹುಡುಕುತ್ತ ಓಡಾಡುವ ಹೆಂಗಸನ್ನು ಅವನು ಏಳು ನಿಮಿಷ ಕಣ್ಣಂಚಿನಲ್ಲಿ ಇಟ್ಟುಕೊಂಡಿದ್ದ. ಅವನನ್ನು ಎತ್ತಿ ಆಡಿಸಿ ಬೆಳೆಸಿದ ತನ್ನ ಕೈಯೇ ನಡುಗಿದರೆ ಇಪ್ಪತ್ತಮೂರು ವರ್ಷದ ಬಸುರಿ ಹುಡುಗಿಯ ಪಾಡೇನು?

ಮರುದಿನ ಬೆಳಿಗ್ಗೆ ಹಿತ್ತಲ ಬಾಗಿಲಿಗೆ ಹಾಲಿನ ಹಣಮವ್ವ ಬಂದಳು. ಬೀರೇಶ್ವರನ ಗುಡಿಯ ಹಿಂದಿನ ಹಟ್ಟಿಯವಳು. ಹಾಲು ಹಾಕಿ, ಎಮ್ಮೆಗೆಂದು ಮುಸುರೆಯ ಗಡಿಗೆಯನ್ನು ತನ್ನ ಕೊಡಕ್ಕೆ ಬಗ್ಗಿಸಿಕೊಂಡು ಹೋಗುವುದು ಅವಳ ದಿನದ ರೂಢಿ. ಅವತ್ತು ಮುಸುರೆ ಬಗ್ಗಿಸುತ್ತ ಹೇಳಿದಳು:

"ಸಿಟ್ಟಾಗಬ್ಯಾಡ್ರಿ ಬಾಯಾರ, ನಿಮ್ಮ ಮನಿ ಮುಸುರ್ಯಾಗ ಅನ್ನ ಭಾಳ ಬರತೈತಿ. ನಮ್ಮ ಎಮ್ಮಿ ದಪ್ಪ ಆಗಾಕತ್ತೈತಿ, ನಿಮ್ಮ ಬಸರಿ ಸೊರಗಾಕತ್ತಾಳ."

ರಾಧಾಬಾಯಿ ಗಡಿಗೆಯಲ್ಲಿ ಇಣುಕಿದಳು. ನಿನ್ನೆ ರಾತ್ರಿಯ ಅನ್ನ ಮುಟ್ಟಿದ ಗುರುತಿಲ್ಲದೆ ಮುದ್ದೆಯಾಗಿಯೇ ಬಿದ್ದಿತ್ತು.

"ಇನ್ನೊಂದ ಮಾತ. ಏಳ ತಿಂಗಳಾದಾಕಿ ಹೊಟ್ಟಿ ಮುಂದ ಮಾಡಿ ನಡೀಬೇಕ್ರಿ. ನಮ್ಮ ಹಟ್ಯಾಗ ಬಸರಿ ಬಂದ್ರ ಕುರಿ ಸೈತ ಹಾದಿ ಬಿಡತಾವ. ನಿಮ್ಮ ತಮ್ಮನ ಹೇಣ್ತಿ ನೋಡಿದ್ರ, ಆ ಹೊಟ್ಟಿ ಯಾರದೋ ಕದ್ದ ತಂದಾಕಿಹಂಗ ನಡೀತಾಳ."

ಹಾಗೆಂದು ನಕ್ಕು, ರಾಧಾಬಾಯಿ ನಗದೆ ನಿಂತದ್ದನ್ನು ಕಂಡು ತಾನೂ ನಗು ನಿಲ್ಲಿಸಿ, ಕೊಡ ಎತ್ತಿಕೊಂಡು ಹೋದಳು.

ಅನ್ನದ ಲೆಕ್ಕ ಕಷ್ಟದ್ದಾಗಿರಲಿಲ್ಲ. ಗಂಡ ಉಂಡ ಎಲೆಯಲ್ಲಿ ಹೆಂಡತಿ ಉಣ್ಣುವುದು ಆ ಮನೆತನದ ಪದ್ಧತಿ. ಗಂಡ ಅರೆಹೊಟ್ಟೆಯಲ್ಲಿ ಎದ್ದರೆ ಅದೇ ಎಲೆಗೆ ಕೂತು ಹೊಟ್ಟೆ ತುಂಬ ಉಣ್ಣಲು ಅವಳಿಗೆ ಮನಸ್ಸು ಬರುವುದಿಲ್ಲ. ಅಲಕಾ ಎಲೆಗೆ ಕೂಡುವ ಹೊತ್ತಿಗೆ ರಾಧಾಬಾಯಿ ತುಳಸಿಕಟ್ಟೆಯ ಮುಂದೆ ಬೆನ್ನು ಹಾಕಿ ಜಪಕ್ಕೆ ಕೂತಿರುತ್ತಿದ್ದಳು. ಅವಳದು ಒಪ್ಪೊತ್ತಿನ ಊಟ, ಅದೂ ಎಲ್ಲರದಾದ ಮೇಲೆ, ಬೇರೆ. ಒಂದೇ ಸೂರಿನಡಿ ಒಂದು ತಿಂಗಳು ಇದ್ದೂ ಅವಳಿಗೆ ಕಂಡಿರಲಿಲ್ಲ.

ಮುಂದಿನ ನಾಲ್ಕು ದಿನ ಅವಳು ನೋಡಿದಳು. ಅಕ್ಕಿ ಆರಿಸುವ ಮೊರವನ್ನು ಅಡಿಗೆ ಮನೆಯ ಮೂಲೆಯಿಂದ ಬಾಗಿಲ ಹತ್ತಿರಕ್ಕೆ ತಂದುಕೊಂಡಳು. ಅಲ್ಲಿಂದ ನಡುಮನೆ ಪೂರ್ತಿ ಕಾಣುತ್ತಿತ್ತು.

ಮಂಗಳವಾರ ಕೈ ಎರಡು ಸಲ ನಿಂತಿತು. ಬುಧವಾರ ಒಂದು ಸಲ, ಆದರೆ ಅವನು ಅರ್ಧಕ್ಕೇ ಎದ್ದ. ಗುರುವಾರ ಏಕಾದಶಿ, ಒಲೆ ಹಚ್ಚಲಿಲ್ಲ, ಎಲೆ ಹಾಕಲಿಲ್ಲ. ಆ ಮಧ್ಯಾಹ್ನ ಅಲಕಾ ಬರೀ ಹಾಲು ಕುಡಿದು ಎರಡು ತಾಸು ಗಾಢವಾಗಿ ನಿದ್ದೆ ಮಾಡಿದಳು. ಅವಳು ಹಗಲು ಮಲಗಿದ್ದನ್ನು ರಾಧಾಬಾಯಿ ನೋಡಿದ್ದು ಅದೇ ಮೊದಲು. ಶುಕ್ರವಾರ ದ್ವಾದಶಿಯಿಂದ ಶಾಕವ್ರತ ಮುಗಿದು ಕಾಯಿಪಲ್ಲೆ, ಹುಣಸೆ, ಖಾರ ಎಲ್ಲ ಮರಳಿ ಬಂದವು. ಸಪ್ಪೆ ಅಡಿಗೆಯೇ ದೋಷವಾಗಿದ್ದರೆ ಅವತ್ತಿನಿಂದ ಕೈ ನಿಲ್ಲಬಾರದಿತ್ತು. ಹೀರೇಕಾಯಿ ಪಲ್ಲೆ, ಹುಳಿ, ಪಾಯಸದ ಎಲೆಯ ಮೇಲೆ ಅದು ಹನ್ನೊಂದು ನಿಮಿಷ ನಿಂತಿತು.

ಊಟದ ಹೊರಗೂ ಅದೇ ಇತ್ತು. ನೋಡುವ ಅಭ್ಯಾಸವಾದ ಮೇಲೆ ಎಲ್ಲೆಲ್ಲೂ ಕಾಣತೊಡಗಿತು. ಪಡಸಾಲೆಗೂ ನಡುಮನೆಗೂ ನಡುವಿನ ಬಾಗಿಲಲ್ಲಿ ಅವನು ಒಂದು ಕೈ ಚೌಕಟ್ಟಿಗೆ ಕೊಟ್ಟು ವರ್ತಮಾನ ಪತ್ರಿಕೆ ಓದುತ್ತ ನಿಲ್ಲುತ್ತಿದ್ದ. ಅಲಕಾ ನೀರಿನ ಕೊಡ ಹಿಡಿದು ಬಂದರೆ ಸರಿಯುತ್ತಿರಲಿಲ್ಲ. ದಾಟಬೇಡ ಎನ್ನುತ್ತಲೂ ಇರಲಿಲ್ಲ. ಅವಳು ತುಸು ಹೊತ್ತು ನಿಂತು, ಉಸಿರು ಒಳಗೆಳೆದುಕೊಂಡು, ಹೊಟ್ಟೆಗೆ ಕೈ ಅಡ್ಡ ಇಟ್ಟು, ಓರೆಯಾಗಿ ನುಸುಳಿ ಹೋಗುತ್ತಿದ್ದಳು. ಅವನು ಪುಟ ತಿರುಗಿಸುತ್ತಿದ್ದ. ಯಾರಾದರೂ ಹೊರಗಿನವರು ಬಂದರೆ ಅದೇ ಮನುಷ್ಯನ ಭುಜ ಇಳಿಯುತ್ತಿತ್ತು, ಕೈ ಚೌಕಟ್ಟು ಬಿಡುತ್ತಿತ್ತು, ಬರ್ರಿ ಬರ್ರಿ ಎಂದು ನಾಲ್ಕು ಹೆಜ್ಜೆ ಮುಂದೆ ಹೋಗಿ ಕರೆಯುತ್ತಿದ್ದ. ಅಂದರೆ ಅದು ಅವನ ಮೈಯ ಸ್ವಭಾವವಲ್ಲ. ಬೇಕೆಂದಾಗ ತೊಟ್ಟು ಬೇಡವೆಂದಾಗ ಕಳಚುತ್ತಿದ್ದ.

ರಾಧಾಬಾಯಿಗೆ ಇದು ಇಷ್ಟು ದಿನ ಕಾಣದಿರಲು ಇನ್ನೊಂದು ಕಾರಣವಿತ್ತು. ನಸುಕಿನಲ್ಲಿ ಸ್ನಾನ ಮಾಡಿ ಒದ್ದೆ ಸೀರೆ ಉಟ್ಟ ಮೇಲೆ ಅವಳು ಮಡಿ. ಮೈಲಿಗೆ ಬಟ್ಟೆಯವರು ಮುಟ್ಟಿದರೆ ಮತ್ತೆ ಸ್ನಾನ, ಮತ್ತೆ ಅಡಿಗೆ. ಅದಕ್ಕೆ ಅವಳು ಬರುವುದು ಕಂಡರೆ ಮನೆಯವರು ಗೋಡೆಗೆ ಅಂಟಿ ನಿಲ್ಲುತ್ತಿದ್ದರು. ಇಪ್ಪತ್ತೆಂಟು ವರ್ಷದಿಂದ ಅವಳಿಗೆ ಎಲ್ಲರೂ ಹಾದಿ ಬಿಟ್ಟಿದ್ದರು. ಹಾದಿ ಬಿಡದವನೆದುರು ನಿಂತರೆ ಹೇಗಿರುತ್ತದೆಂಬುದು ಅವಳಿಗೆ ಗೊತ್ತೇ ಇರಲಿಲ್ಲ.

ಶುಕ್ರವಾರ ಅವನು ಕಚೇರಿಗೆ ಹೋದ ಮೇಲೆ ಅಲಕಾಳನ್ನು ಒಲೆಯ ಹತ್ತಿರ ಕೂಡಿಸಿಕೊಂಡು ಕೇಳಿದಳು. ಅವನು ಬಯ್ಯುತ್ತಾನೇನು, ಕೈ ಮಾಡುತ್ತಾನೇನು, ನಿನ್ನ ತವರಿನ ಬಗ್ಗೆ ಏನಾದರೂ ಅನ್ನುತ್ತಾನೇನು. ಎಲ್ಲದಕ್ಕೂ ಅಲಕಾ ಇಲ್ಲವೆಂದು ತಲೆ ಅಲ್ಲಾಡಿಸಿದಳು. ಅದು ಸುಳ್ಳಲ್ಲವೆಂದು ರಾಧಾಬಾಯಿಗೂ ಗೊತ್ತಿತ್ತು.

"ಮತ್ತ್ಯಾಕ ಉಣ್ಣೂದಿಲ್ಲ ನೀ?"

ಅಲಕಾ ಬೂದಿಯಲ್ಲಿ ಕಡ್ಡಿಯಿಂದ ಗೆರೆ ಎಳೆದಳು.

"ಅವರು ಏನರ ಅಂದಿದ್ರ ಛಲೋ ಇತ್ತರಿ ಅಕ್ಕಾ. ಇಂಥಾದ್ದ ಅಂದ್ರು ಅಂತ ಅವ್ವನ ಮುಂದ ಹೇಳತಿದ್ದೆ. ಕೈ ನಿಂತಿತು ಅಂತ ಯಾರ ಮುಂದ ಹೇಳಲಿ? ಕೇಳಿದವರು ನಗೂದಿಲ್ಲೇನು?"

ರಾಧಾಬಾಯಿ ಒಲೆಯ ಕೊಳ್ಳಿ ಒಳಗೆ ತಳ್ಳಿದಳು. ಆ ಮೌನವನ್ನು ಅವನಿಗೆ ಕಲಿಸಿದವಳು ಅವಳೇ. ಏಳು ವರ್ಷದ ಕೃಷ್ಣಾಜಿ ಸಿಟ್ಟು ಬಂದರೆ ತಾಟು ಒಗೆಯುತ್ತಿದ್ದ, ತಂಬಿಗೆಯಿಂದ ಗೋಡೆ ಕುಟ್ಟುತ್ತಿದ್ದ, ಒಮ್ಮೆ ಅಕ್ಕನ ಹಣೆಗೇ ಪಂಚಪಾತ್ರೆ ಎಸೆದಿದ್ದ. ಮುಂಜಿವೆಯ ದಿನ ಅವಳು ಪುರೋಹಿತರಿಗೆ ಹೇಳಿ ಅವನ ಕೈಯಲ್ಲಿ ನೀರು ಬಿಡಿಸಿ ವ್ರತ ಹಿಡಿಸಿದಳು: ಎಲೆಯ ಮುಂದೆ ಮಾತಿಲ್ಲ, ಸಿಟ್ಟು ಬಂದಾಗ ಬಾಯಿ ತೆರೆಯುವುದಿಲ್ಲ. ಹುಡುಗ ಬದಲಾದ. ಒಂದು ತಾಟೂ ಹಾರಲಿಲ್ಲ. ಮಾತು ನಿಂತಿತಲ್ಲ, ಸಿಟ್ಟೂ ಹೋಯಿತು ಎಂದು ಅವಳು ಸಕ್ಕರೆ ಹಂಚಿದ್ದಳು. ಸಿಟ್ಟು ಹೋಗಿರಲಿಲ್ಲ. ಬಾಯಿಂದ ಇಳಿದು ಕೈಗೆ, ಭುಜಕ್ಕೆ, ಉಸಿರಿಗೆ ಬಂದು, ಯಾರೂ ಹೆಸರಿಡಲಾಗದಂಥ ಜಾಗ ಹುಡುಕಿಕೊಂಡಿತ್ತು.

ಶನಿವಾರ ಅವಳು ಅವನನ್ನು ಕೇಳಿಯೂ ನೋಡಿದಳು. ಮೌನವಿಲ್ಲದ ಹೊತ್ತು, ಪಡಸಾಲೆಯಲ್ಲಿ. ಹುಡುಗಿ ಹೆದರುತ್ತಾಳೆ, ಎಲೆಯ ಮುಂದೆ ಹಾಗೆ ಕೂಡಬೇಡ ಎಂದಳು. ಅವನು ಕೋಪಿಸಿಕೊಳ್ಳಲಿಲ್ಲ. ಕಣ್ಣಿನ ಚಾಳೀಸು ತೆಗೆದು ಧೋತರದ ಚುಂಗಿನಿಂದ ನಿಧಾನವಾಗಿ ಒರೆಸುತ್ತ, ಬರಿಗಣ್ಣು ಅವಳ ಮೇಲಿಟ್ಟು ಕೇಳಿದ:

"ನಾ ಆಕಿಗೆ ಒಂದರ ಮಾತ ಅಂದಿದ್ದು ನೀ ಕೇಳಿದೀ ಏನ ಅಕ್ಕಾ?"

ಇಲ್ಲ ಎಂದಳು.

"ಮೌನ ಕಲಿಸಿದಾಕಿ ನೀನ. ಈಗ ಮೌನಾನೂ ತಪ್ಪು ಅಂತಿ."

ಗಾಜು ಒರೆಸುವುದು ಮುಂದುವರಿಯಿತು. ತಾನು ಹಾಗಲ್ಲ ಹೀಗೆ, ಅಡಿಗೆ ಸರಿಯಾಗಿರಲಿಕ್ಕಿಲ್ಲ, ಹುಡುಗಿಗೆ ಪಿತ್ತ ಹೆಚ್ಚಾಗಿರಬೇಕು ಎಂದು ಸಮಜಾಯಿಷಿ ಕೊಡುತ್ತಿದ್ದದ್ದು ರಾಧಾಬಾಯಿಯ ಅರಿವಿಗೆ ಬಂದದ್ದು ಮೂರು ಮಾತು ಆಡಿ ಮುಗಿದ ಮೇಲೆ. ಒಳಗೆ ಬಂದು ಕಂಬಕ್ಕೆ ಒರಗಿ ಕೂತಳು. ಇಡೀ ದಿನ ಕಟ್ಟಿಗೆ ಒಡೆದಂಥ ದಣಿವಾಗಿತ್ತು.

ಹೊತ್ತು ಹೆಚ್ಚು ಉಳಿದಿರಲಿಲ್ಲ. ಬರುವ ಗುರುವಾರ ಅಲಕಾಳಿಗೆ ಏಳು ತುಂಬಿ ಎಂಟು ಬೀಳುತ್ತಿತ್ತು. ಎಂಟರಲ್ಲಿ ಬಸುರಿಯನ್ನು ಊರು ದಾಟಿಸುವುದಿಲ್ಲ. ಒಂಬತ್ತರಲ್ಲಿ ಅವಳ ತವರೂರು ಗಲಗಲಿಯ ಹಾದಿಯ ಕುಲುಕಾಟಕ್ಕೆ ಯಾರೂ ಧೈರ್ಯ ಮಾಡುವುದಿಲ್ಲ. ಗುರುವಾರದೊಳಗೆ ತವರಿಗೆ ಹೋಗದಿದ್ದರೆ ಬಾಣಂತನ ಇಲ್ಲಿಯೇ, ಈ ಎಲೆಯ ಮುಂದೆಯೇ. ಜುಲೈ ಕೊನೆಗೆ ಅಲಕಾಳ ತಂದೆ ಅನಂತ ಮಾಸ್ತರು ಕರೆಯಲು ಬಂದಿದ್ದರು. ಕೃಷ್ಣಾಜಿ ಅಡ್ಡಿಯಿಲ್ಲ ಎಂದಿದ್ದ, ಅಲಕಾಳೇ ಒಲ್ಲೆ ಎಂದಿದ್ದಳು. ಅಡಿಗೆ ಮನೆಯೊಳಗಿದ್ದ ರಾಧಾಬಾಯಿ ಆ ಎರಡು ಮಾತು ಕೇಳಿ, ಗಂಡನನ್ನು ಬಿಟ್ಟಿರಲಾರದ ಹುಡುಗಿ ಎಂದು ಮೆಚ್ಚಿಕೊಂಡಿದ್ದಳು. ಈಗ ಮಾಸ್ತರರಿಗೆ ಅವಳೇ ಒಂದು ಕಾರ್ಡು ಬರೆದಳು. ಬುಧವಾರ ತಪ್ಪದೆ ಬರ್ರಿ, ಅಲಕಾಳ ತಾಯಿ ಇಂದಿರಾಬಾಯಿಯವರು ಬಾಣಂತಿ ಕೋಣೆ ಸಾರಿಸಿ ಇಡಲಿ. ಅಷ್ಟೇ.

ಆಗಸ್ಟ್ ೨೬, ಬುಧವಾರ, ಹತ್ತು ಗಂಟೆಯ ಸುಮಾರಿಗೆ ಅನಂತ ಮಾಸ್ತರು ಬಂದರು. ಗಲಗಲಿಯ ಬೋರ್ಡ್ ಶಾಲೆಯ ಹೆಡ್ ಮಾಸ್ತರು, ಸಣ್ಣ ದನಿಯ ಮನುಷ್ಯ. ಕೊಡೆಯನ್ನು ಮೂಲೆಗೆ ಒರಗಿಸಿ ಪಡಸಾಲೆಯ ಜಮಖಾನದ ತುದಿಯಲ್ಲಿ ಕೂತರು. ಬಿಳಗಿ ಮೋಟಾರು ಹನ್ನೊಂದೂವರೆಗೆ ಎಂದರು. ಕೃಷ್ಣಾಜಿಯ ಊಟ ಆಗಲೇ ಆಗಿತ್ತು. ಬೀಗರು ಬರುವ ದಿನವಾದ್ದರಿಂದ ಕೈ ಎಲ್ಲಿಯೂ ನಿಂತಿರಲಿಲ್ಲ. ಕೋಟು ಟೊಪ್ಪಿಗೆ ಹಾಕಿಕೊಂಡು ಕಚೇರಿಗೆ ಸಿದ್ಧನಾಗಿದ್ದ.

"ಕರಕೊಂಡ ಹೋಗ್ರಿ ಮಾವನವರ. ನಂದೇನೂ ಅಭ್ಯಂತರ ಇಲ್ಲ. ಆಕಿನ್ನ ಕೇಳ್ರಿ," ಎಂದು ಕೈ ಮುಗಿದು, ಎದ್ದು ಹೋಗಿ ನಡುವಿನ ಬಾಗಿಲಲ್ಲಿ ನಿಂತ.

ಅಡಿಗೆ ಮನೆಯ ಬಾಗಿಲಿಂದ ರಾಧಾಬಾಯಿ ನೋಡುತ್ತಿದ್ದಳು. ಅವನ ಬೆನ್ನು ಮಾಸ್ತರರಿಗೆ, ಮುಖ ಒಳಗೆ ನಿಂತ ಅಲಕಾಳಿಗೆ. ಮಾಸ್ತರರಿಗೆ ಕಾಣುವುದು ಒಂದು ಕರಿ ಕೋಟಿನ ಬೆನ್ನು, ಕೇಳುವುದು ಒಂದು ಮೆತ್ತನೆಯ ದನಿ. ಕೈ ಚೌಕಟ್ಟಿಗೆ ಹೋಯಿತು. ಇನ್ನೊಂದು ಕೈ ಚಾಳೀಸು ತೆಗೆಯಿತು.

"ಅಪ್ಪ ಬಂದಾರ. ಹೋಗತೀ ಏನು ನೋಡು," ಎಂದ.

ಅಲಕಾಳ ಕಾಲ್ಬೆರಳುಗಳು ನೆಲವನ್ನು ಹಿಡಿದುಕೊಂಡವು. ಹೋದ ತಿಂಗಳು ಆಡಿದ ಮಾತನ್ನೇ, ಅದೇ ದನಿಯಲ್ಲಿ, ಬಾಯಿಪಾಠ ಒಪ್ಪಿಸುವಂತೆ ಆಡಿದಳು. ಈಗ ಬ್ಯಾಡ ಅಪ್ಪಾ, ಮಳಿಗಾಲ, ಇಲ್ಲೇ ದವಾಖಾನಿ ಅದ. ಪಡಸಾಲೆಯಲ್ಲಿ 'ಹಂಗಾದ್ರ ಹಂಗ' ಎಂದು ನಿಟ್ಟುಸಿರು ಕೇಳಿಸಿತು, ಕೊಡೆ ಎತ್ತಿಕೊಂಡ ಸಪ್ಪಳವೂ ಕೇಳಿಸಿತು.

ರಾಧಾಬಾಯಿ ನಡೆಯತೊಡಗಿದಳು. ಒದ್ದೆ ಸೀರೆಯ ಮಡಿಯಲ್ಲಿ, ತನ್ನ ಊಟ ಇನ್ನೂ ಆಗದ ಹೊತ್ತಿನಲ್ಲಿ, ಅವಳು ಆ ಬಾಗಿಲ ಕಡೆ ಹೋಗುವುದೇ ಇಲ್ಲ. ಅಲಕಾಳನ್ನು ಬಳಸಿ ನೇರವಾಗಿ ತಮ್ಮನೆದುರಿಗೆ ಬಂದಳು.

"ಸರಿ ಕೃಷ್ಣಾ. ಮಡಿಯಾಗ ಇದ್ದೀನಿ."

ಅವನು ಸರಿಯಲಿಲ್ಲ. ಅವಳೂ ನಿಲ್ಲಲಿಲ್ಲ. ಇನ್ನೊಂದು ಹೆಜ್ಜೆ ಇಟ್ಟರೆ ಅವನ ಕಚೇರಿಯ ಕೋಟು ಅವಳಿಗೆ ತಾಗುತ್ತಿತ್ತು. ಚಾತುರ್ಮಾಸದಲ್ಲಿ, ಮಾವನ ಕಣ್ಣೆದುರು, ಮಡಿಯಲ್ಲಿದ್ದ ಅಕ್ಕನನ್ನು ಮೈಲಿಗೆಯಲ್ಲಿ ಮುಟ್ಟಿದ ವ್ರತಸ್ಥ ಎಂದು ಮಧ್ಯಾಹ್ನದೊಳಗೆ ಮಠದವರೆಗೂ ಸುದ್ದಿ ಹೋಗುತ್ತಿತ್ತು. ಅವಳು ಆ ಹೆಜ್ಜೆ ಇಟ್ಟಳು. ಚೌಕಟ್ಟಿನ ಮೇಲಿನ ಕೈ ಸರಕ್ಕನೆ ಹಿಂದೆ ಹೋಯಿತು, ಅವನು ಹೊಸ್ತಿಲು ದಾಟಿ ಪಡಸಾಲೆಗೆ ಇಳಿದ. ಅವನಿದ್ದ ಜಾಗದಲ್ಲಿ ನಿಂತು ರಾಧಾಬಾಯಿ ಒಳಗೆ ತಿರುಗಿದಳು. ಬೆನ್ನ ಹಿಂದೆ ಮೂಗಿನ ಉದ್ದ ಉಸಿರು ಕೇಳುತ್ತಿತ್ತು. ಅವಳಿಗೂ ಹೆದರಿಕೆಯಾಯಿತು. ಆದರೆ ಅಲಕಾಳಿಗೆ ಈಗ ಅವನ ಮುಖ ಕಾಣುತ್ತಿರಲಿಲ್ಲ.

"ನನ್ನ ಮಾರಿ ನೋಡಿ ಹೇಳು ಅಲಕಾ. ಹೋಗತೀಯೋ, ಇರತೀಯೋ?"

ಅಲಕಾ ಅವಳ ಭುಜದ ಆಚೆ ನೋಡಲು ಯತ್ನಿಸಿದಳು. ರಾಧಾಬಾಯಿ ಅತ್ತ ಕಡೆಗೇ ತುಸು ಸರಿದಳು.

"ಹೋಗತೀನ್ರಿ ಅಕ್ಕಾ."

"ನಿಮ್ಮಪ್ಪಗ ಕೇಳಿಸಲಿ."

"ಅಪ್ಪಾ, ನಾ ಬರತೀನಿ."

ಹೋದ ಸಲ ಯಾಕೆ, ಎಂದು ಮಾಸ್ತರರು ಶುರು ಮಾಡಿದವರು ಅಲ್ಲಿಗೇ ನಿಲ್ಲಿಸಿದರು. ಕೃಷ್ಣಾಜಿ ಚಾಳೀಸು ಹಾಕಿಕೊಂಡು, ಕಚೇರಿಗೆ ಹೊತ್ತಾಯಿತು, ಸಾವಕಾಶ ಹೋಗಿ ಬನ್ನಿ ಎಂದು ಮೆಟ್ಟಿಲಿಳಿದ. ಹೋಗುವಾಗ ಚಪ್ಪಲಿ ಮೆಟ್ಟಿದ ಸಪ್ಪಳ ಎಂದಿಗಿಂತ ಜೋರಾಗಿರಲಿಲ್ಲ.

ಟ್ರಂಕಿಗೆ ನಾಲ್ಕು ಸೀರೆ ತುಂಬಲು ಹತ್ತು ನಿಮಿಷ ಸಾಕಾಯಿತು. ಹೊರಡುವಾಗ ರಾಧಾಬಾಯಿ ಬಾಗಿಲು ಬಿಟ್ಟು ದೂರ, ಗೋಡೆಯ ಹತ್ತಿರ ನಿಂತಳು. ಬಾಗಿಲು ಪೂರ್ತಿ ಖಾಲಿ ಇತ್ತು. ಆದರೂ ಅಲಕಾ ಹೊಟ್ಟೆಗೆ ಕೈ ಅಡ್ಡ ಇಟ್ಟು ಮೈ ಓರೆ ಮಾಡಿಯೇ ದಾಟಿದಳು. ಟಾಂಗಾ ಓಣಿಯ ತಿರುವಿನಲ್ಲಿ ಮರೆಯಾಗುವ ತನಕ ನೋಡಿ, ರಾಧಾಬಾಯಿ ಒಳಗೆ ಬಂದು ಮತ್ತೊಮ್ಮೆ ಸ್ನಾನ ಮಾಡಿದಳು. ಯಾರೂ ಮುಟ್ಟಿರಲಿಲ್ಲ. ಆದರೂ ಮಾಡಿದಳು.

ಮುಧೋಳಕ್ಕೆ ಹೋಗಿಬಿಡಬೇಕೆಂದು ಅವಳಿಗೆ ಎಷ್ಟು ಸಲ ಅನಿಸಿತೋ. ಆದರೆ ಅವಳು ಹೋದರೆ ಅಡಿಗೆಗೆ ಯಾರೂ ಇಲ್ಲವೆಂಬ ನೆಪ ಅವನ ಕೈಗೆ ಸಿಗುತ್ತಿತ್ತು, ಗಲಗಲಿಗೆ ಒಂದು ಸೌಮ್ಯವಾದ ಕಾಗದ ಹೋಗುತ್ತಿತ್ತು, ಅಲಕಾ ಕೂಸು ಹುಟ್ಟಿ ಹದಿನೈದು ದಿನಕ್ಕೇ ತಿರುಗಿ ಬರುತ್ತಿದ್ದಳು. ಹಾಗಾಗಿ ಉಳಿದಳು. ಅಲಕಾ ನಿಲ್ಲುತ್ತಿದ್ದ ಜಾಗದಲ್ಲಿ ತಾನು ನಿಂತು ಎರಡು ಹೊತ್ತೂ ಬಡಿಸಿದಳು.

ಮೊದಲ ಸಂಜೆಯೇ ಕೈ ನಿಂತಿತು. ಅವಳ ಕಾಲುಗಳು ತಾವಾಗಿಯೇ ತುಪ್ಪದ ಕಡೆ ಎದ್ದವು. ಅವನ್ನು ತಡೆದು ಗೋಡೆಗೆ ಬೆನ್ನು ಕೊಟ್ಟು ಕೂತಳು.

"ಏನರ ಬೇಕಾದ್ರ ಮೌನ ಮುರಿದು ಕೇಳು. ನಾ ಹುಡುಕೂದಿಲ್ಲ."

ಇಪ್ಪತ್ತೆರಡು ನಿಮಿಷ ಇಬ್ಬರೂ ಹಾಗೆಯೇ ಕೂತರು. ಆಮೇಲೆ ಅವನು ಉಣ್ಣದೆ ಎದ್ದ. ಮರುದಿನವೂ ಎದ್ದ. ಮೂರನೆಯ ದಿನವೂ ಎದ್ದ. ಅವತ್ತು ಓಣಿಯ ಹೆಂಗಸೊಬ್ಬಳು ಬಂದು, ಕೃಷ್ಣಾಜಿರಾಯರು ಸೊರಗಿದ್ದಾರೆ, ಹೆಂಡತಿ ಇಲ್ಲದ ಮನೆ ನೋಡಿ, ಎಂದು ಹೋದಳು. ನಾಲ್ಕನೆಯ ದಿನ ಉಂಡ. ಗೆದ್ದೆನೆಂದು ರಾಧಾಬಾಯಿಗೆ ಅನಿಸಲಿಲ್ಲ. ಅವನು ಬದಲಾಗಿರಲಿಲ್ಲ; ಇವಳ ಮುಂದೆ ಅದು ನಡೆಯುವುದಿಲ್ಲವೆಂದು ಲೆಕ್ಕ ಹಾಕಿದ್ದ, ಅಷ್ಟೇ. ಕೈ ನಿಲ್ಲುವುದು ಬಿಟ್ಟು ಬೇರೆ ಶುರುವಾಯಿತು. ಸಂಜೆ ಬಂದವನು ಪಡಸಾಲೆಯ ಕತ್ತಲಲ್ಲಿ ದೀಪ ಹಚ್ಚಗೊಡದೆ ತಾಸುಗಟ್ಟಲೆ ಕೂಡುವುದು, ಅವಳು ಕೇಳಿದ್ದಕ್ಕೆ ಉತ್ತರ ಕೊಡುವ ಮೊದಲು ಹತ್ತು ಎಣಿಸಿದಷ್ಟು ಹೊತ್ತು ಬಿಡುವುದು. ಅವಳು ಪ್ರತಿಯೊಂದನ್ನೂ ಗುರುತಿಸಿದಳು. ಗುರುತಿಸಿದ ಮಾತ್ರಕ್ಕೆ ಭಾರ ಇಳಿಯುವುದಿಲ್ಲ. ಆದರೆ ಅದು ತನ್ನ ತಪ್ಪೆಂದು ಹುಡುಕಾಡುವ ಕೆಲಸವೊಂದು ಇಲ್ಲವಾಗುತ್ತದೆ. ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಅವಳಿಗೆ ಮೊಣಕಾಲಿನಿಂದ ಕತ್ತಿನವರೆಗೆ ಒಂದೇ ಸಮನಾದ ದಣಿವು ಕೂತಿತ್ತು. ಮಾಸ್ತರರಿಗೆ ಇನ್ನೊಂದು ಕಾರ್ಡು ಬರೆದಳು: ಹಡೆದ ಮೇಲೆ ಐದು ತಿಂಗಳು ಕಳಿಸಬೇಡಿ, ಆಮೇಲೂ ಅಳಿಯನ ಕಾಗದ ನೋಡಿ ಕಳಿಸಬೇಡಿ, ನನ್ನನ್ನು ಕೇಳಿ.

ಅಕ್ಟೋಬರ್ ೩೧, ಶನಿವಾರ. ಕೃಷ್ಣಾಜಿ ಎಲೆಯ ಮುಂದೆ ಕೂತು ನೀರು ತಿರುಗಿಸಿದ್ದ. ಅಂಚೆಯವನು ಪಡಸಾಲೆಯ ಕಟ್ಟೆಯ ಮೇಲೆ ಕಾರ್ಡು ಇಟ್ಟು ಕೂಗಿ ಹೋದ. ಕಾರ್ಡು ಕೃಷ್ಣಾಜಿಯ ಹೆಸರಿಗಿತ್ತು. ಮಡಿಯಲ್ಲಿ ಅಂಚೆ ಮುಟ್ಟಬಾರದು. ರಾಧಾಬಾಯಿ ಮುಟ್ಟಿದಳು. ಬಾಗಿಲ ಬೆಳಕಿಗೆ ಹಿಡಿದು ನಿಂತಲ್ಲಿಯೇ ಗಟ್ಟಿಯಾಗಿ ಓದತೊಡಗಿದಳು. ಅವನು ತಲೆ ಎತ್ತಿ ನೋಡಿದ. ಓದಬೇಡ ಎನ್ನಲು ಅವನು ಬಾಯಿ ತೆರೆಯುವಂತಿರಲಿಲ್ಲ.

ಮಾಸ್ತರರ ಅಕ್ಷರ ಕಾಪಿಪುಸ್ತಕದಲ್ಲಿದ್ದಂತೆ ದುಂಡಾಗಿತ್ತು. ಆಶೀರ್ವಾದಗಳು. ಮಂಗಳವಾರ ನಸುಕಿನಲ್ಲಿ ಅಲಕಾ ಹಡೆದಳು, ಹೆಣ್ಣು. ತಾಯಿಗೆ ಜ್ವರ ಗಿರ ಇಲ್ಲ; ಎರಡು ಹೊತ್ತೂ ಕೂತು ಉಣ್ಣುತ್ತಾಳೆ, ಆದರೆ ಯಾರಾದರೂ ಬಾಗಿಲಿಗೆ ಬಂದರೆ ಇನ್ನೂ ತುತ್ತು ಕೆಳಗಿಡುತ್ತಾಳೆ. ಬಿಳಗಿಯಿಂದ ನರ್ಸಬಾಯಿ ಬಂದು ಕೂಸನ್ನು ಬಟ್ಟೆಯಲ್ಲಿ ಕಟ್ಟಿ ತಕ್ಕಡಿಗೆ ತೂಗುಹಾಕಿ ನೋಡಿದರು; ಐದೂವರೆ ಪೌಂಡು ದಾಟಿದರೆ ಭಯವಿಲ್ಲವೆಂದರು. ಬಟ್ಟೆಯ ತೂಕ ಕಳೆದು ಬರೆದಿದ್ದೇನೆ.

ಐದು ಪೌಂಡು ಒಂಬತ್ತು ಔನ್ಸು.